ಮಗುವಿನ ಎತ್ತರ: ಅಳೆಯುವುದು ಹೇಗೆ, ಹಾರ್ಮೋನು ಪರೀಕ್ಷೆ ಯಾವಾಗ

ಮುಂಬೈಯ ಕನ್ನಡ ಮನೆಗಳಲ್ಲಿ ಮಗುವಿನ ಎತ್ತರದ ಮಾತು ಏಳುವುದು ಸಾಮಾನ್ಯವಾಗಿ ಮೇ ತಿಂಗಳಲ್ಲಿ. ಶಾಲೆಗೆ ರಜೆ, ಮತ್ಸ್ಯಗಂಧ ರೈಲು ಹಿಡಿದು ಊರು ಸೇರಿದ್ದಾಯಿತು, ಜಗಲಿಯಲ್ಲಿ ಚಿಕ್ಕಪ್ಪನ ಮಗನ ಪಕ್ಕ ನಿಲ್ಲಿಸಿದ್ದೂ ಆಯಿತು. "ಇಬ್ಬರಲ್ಲಿ ಇವನಲ್ವಾ ದೊಡ್ಡವನು?" ಅಂತ ಯಾರೋ ಕೇಳಿಯೇ ಕೇಳುತ್ತಾರೆ. ವಾಪಸ್ ಬಂದ ವಾರವೇ ಲ್ಯಾಬಿಗೆ ಓಡಿ ಗ್ರೋತ್ ಹಾರ್ಮೋನ್ ಟೆಸ್ಟ್ ಮಾಡಿಸಿ, ರಿಪೋರ್ಟಿನಲ್ಲಿ 0.3 ಅಂತ ನೋಡಿ ನಿದ್ದೆಗೆಡುವವರಿದ್ದಾರೆ. "ಅವರಪ್ಪನೂ ಹಾಗೇ ಇದ್ದ, ಕಾಲೇಜಿಗೆ ಹೋದ ಮೇಲೆ ಎದ್ದ" ಅಂತ ನಾಲ್ಕು ವರ್ಷ ಕಾದು, ಇನ್ನು ಬೆಳೆಯದಂತೆ ಮೂಳೆ ಕೂಡಿಕೊಂಡ ಮೇಲೆ ಬರುವವರೂ ಇದ್ದಾರೆ. ಎರಡೂ ತಪ್ಪಿನ ಬೇರು ಒಂದೇ. ಮಗು ಎಷ್ಟು ಎತ್ತರ ಇದೆ ಅಂತ ನೋಡಿದ್ದಾರೆ, ವರ್ಷಕ್ಕೆ ಎಷ್ಟು ಬೆಳೆಯುತ್ತಿದೆ ಅಂತ ನೋಡಿಲ್ಲ.

ಗಿಡ್ಡಗಿರುವುದು ಕಾಯಿಲೆಯಲ್ಲ. ಬೆಳೆಯುತ್ತಿದ್ದ ಮಗು ನಿಧಾನವಾಗುವುದು ಕಾಯಿಲೆ ಇರಬಹುದು. ಹಾರ್ಮೋನಿನ ತೊಂದರೆ ಮೊದಲು ಹಿಡಿಯುವುದು ವೇಗವನ್ನು. ಎತ್ತರದಲ್ಲಿ ಅದು ಎದ್ದು ಕಾಣುವ ಹೊತ್ತಿಗೆ ಒಂದೆರಡು ವರ್ಷ ಕಳೆದಿರುತ್ತದೆ. ಆದ್ದರಿಂದ ಲ್ಯಾಬಿಗಿಂತ ಮೊದಲು ಅಳತೆ ಟೇಪು.

ಅಳೆಯುವುದು

ಎರಡು ವರ್ಷದ ಒಳಗಿನ ಮಗುವನ್ನು ಮಲಗಿಸಿ ಅಳೆಯಬೇಕು, ಆಮೇಲೆ ನಿಲ್ಲಿಸಿ. ಮಲಗಿಸಿ ಅಳೆದ ಉದ್ದ ನಿಲ್ಲಿಸಿ ಅಳೆದ ಎತ್ತರಕ್ಕಿಂತ ಸುಮಾರು 0.7 ಸೆಂ.ಮೀ. ಹೆಚ್ಚು ಬರುತ್ತದೆ. ಎರಡು ವರ್ಷದ ಹುಟ್ಟುಹಬ್ಬದ ಆಚೀಚೆ "ಮಗು ಕುಗ್ಗಿತು" ಅನ್ನಿಸಿದರೆ ಕಾರಣ ಇದೇ.

ನಿಲ್ಲಿಸಿ ಅಳೆಯಲು ಗೋಡೆ ಹುಡುಕುವಲ್ಲೇ ಮೊದಲ ಎಡವಟ್ಟು. ಮುಂಬೈಯ ಫ್ಲ್ಯಾಟುಗಳಲ್ಲಿ ಗೋಡೆಯ ಬುಡಕ್ಕೆ ಟೈಲ್ಸಿನ ಪಟ್ಟಿ ಇರುತ್ತದೆ, ಗೋಡೆಯಿಂದ ಒಂದು ಸೆಂ.ಮೀ.ನಷ್ಟು ಮುಂದಕ್ಕೆ ಚಾಚಿಕೊಂಡು. ಹಿಮ್ಮಡಿ ಅದಕ್ಕೆ ತಾಗುತ್ತದೆ, ಬೆನ್ನು ಗೋಡೆಗೆ ತಾಗುವುದಿಲ್ಲ, ಮಗು ಹಿಂದಕ್ಕೆ ವಾಲುತ್ತದೆ. ಪಟ್ಟಿ ಇಲ್ಲದ ಜಾಗ ಬೇಕು. ಕಪಾಟಿನ ಪಕ್ಕದ ಹಲಗೆ ಅಥವಾ ಪೂರ್ತಿ ತೆರೆದು ಅಲುಗದಂತೆ ನಿಲ್ಲಿಸಿದ ಚಪ್ಪಟೆ ಬಾಗಿಲು ಸಾಕು. ಬಾಗಿಲಾದರೆ ಸೊನ್ನೆಯನ್ನು ಬಾಗಿಲಿನ ಕೆಳತುದಿಯಿಂದ ಅಲ್ಲ, ನೆಲದಿಂದ ಹಿಡಿಯಬೇಕು. ಕಾಲ್ಚಾಪೆ ತೆಗೆಯಿರಿ. ಬಟ್ಟೆ ಹೊಲಿಯುವ ಟೇಪು ಹಿಗ್ಗುತ್ತದೆ, ಬೇಡ. ಬಡಗಿಯ ಉಕ್ಕಿನ ಟೇಪು ಸಾಕು.

ಬರಿಗಾಲು, ಜಡೆ ಬಿಚ್ಚಬೇಕು, ಹೇರ್‌ಬ್ಯಾಂಡ್ ತೆಗೆಯಬೇಕು. ಹಿಮ್ಮಡಿ, ಕುಂಡಿ, ಭುಜದ ಹಿಂಭಾಗ ಹಲಗೆಗೆ ತಾಗಿರಲಿ. ತಲೆ ಮೇಲೆತ್ತಿಸಬೇಡಿ. ಕಿವಿಯ ರಂಧ್ರ ಮತ್ತು ಕಣ್ಣಿನ ಕೆಳ ಅಂಚು ಒಂದೇ ಅಡ್ಡ ಮಟ್ಟದಲ್ಲಿ ಬರಬೇಕು. ಒಬ್ಬರು ಹಿಮ್ಮಡಿ ಹಿಡಿದಿರಲಿ, ಏಕೆಂದರೆ ತುದಿಗಾಲಲ್ಲಿ ನಿಲ್ಲದ ಮಗುವೇ ಇಲ್ಲ. ತಲೆಯ ಮೇಲಿಡಲು ಪುಸ್ತಕಕ್ಕಿಂತ ಮರದ ಚೌಕ ತುಂಡು ಅಥವಾ ದೊಡ್ಡ ಸೆಟ್ ಸ್ಕ್ವೇರ್ ಮೇಲು. ಪುಸ್ತಕ ಮುಂದಕ್ಕೆ ಬಾಗಿದರೂ ಗೊತ್ತಾಗುವುದಿಲ್ಲ. ಮೂರು ಸಲ ಅಳೆದು, ಪ್ರತಿ ಸಲವೂ ಮಗುವನ್ನು ಪಕ್ಕಕ್ಕೆ ಸರಿಸಿ ಮತ್ತೆ ನಿಲ್ಲಿಸಿ, ಸರಾಸರಿ ತೆಗೆದು ಮಿಲಿಮೀಟರಿನವರೆಗೆ ಬರೆಯಿರಿ: 122.4, ಸುಮ್ಮನೆ 122 ಅಲ್ಲ. ಬೆನ್ನುಮೂಳೆಯ ನಡುವಿನ ಮೆತ್ತೆಗಳು ದಿನವಿಡೀ ಅದುಮಿಕೊಂಡು ಸಂಜೆಗೆ ಒಂದು ಸೆಂ.ಮೀ.ನಷ್ಟು ಕಡಿಮೆ ಬರಬಹುದು. ಹಾಗಾಗಿ ಬೆಳಗ್ಗೆ ಅಳೆದವರು ಮುಂದಿನ ಸಲವೂ ಬೆಳಗ್ಗೆಯೇ ಅಳೆಯಲಿ.

ಶಾಲೆಯ ಪ್ರಗತಿ ಪತ್ರದಲ್ಲಿರುವ ಎತ್ತರವನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ. ಐವತ್ತು ಮಕ್ಕಳನ್ನು ಒಂದು ಪೀರಿಯಡ್‌ನಲ್ಲಿ, ಬೂಟು ಸಮೇತ ಅಳೆದಿರುತ್ತಾರೆ.

ಇನ್ನು ಎಷ್ಟು ದಿನಕ್ಕೊಮ್ಮೆ? ಪ್ರತಿ ತಿಂಗಳು ಅಳೆಯುವುದು ಮನೆಯವರ ಚಟಕ್ಕೆ ಮಾತ್ರ. ಹಿಂದಿನ ಅಳತೆಯಲ್ಲಿ ಅರ್ಧ, ಈಗಿನದರಲ್ಲಿ ಅರ್ಧ, ಒಟ್ಟು ಒಂದು ಸೆಂ.ಮೀ. ತಪ್ಪಿದೆ ಅನ್ನಿ. ಮೂರು ತಿಂಗಳ ಅಂತರವಾದರೆ ನಾಲ್ಕರಿಂದ ಗುಣಿಸಿ ವರ್ಷದ ಲೆಕ್ಕ ಮಾಡುವಾಗ ಆ ತಪ್ಪು 4 ಸೆಂ.ಮೀ. ಆಗುತ್ತದೆ. ಅಂದರೆ ಇಡೀ ವರ್ಷದ ಬೆಳವಣಿಗೆಯ ಹತ್ತಿರ ಬರುವಷ್ಟು ತಪ್ಪು. ಕನಿಷ್ಠ ಆರು ತಿಂಗಳು ಬಿಡಿ, ವರ್ಷವಾದರೆ ಇನ್ನೂ ನಂಬಬಹುದು.

ವರ್ಷಕ್ಕೆ ಎಷ್ಟು ಬೆಳೆಯಬೇಕು

ಹುಟ್ಟಿದಾಗ ಸುಮಾರು 50 ಸೆಂ.ಮೀ. ಮೊದಲ ವರ್ಷ 25 ಸೆಂ.ಮೀ., ಎರಡನೆಯದರಲ್ಲಿ 10ರಿಂದ 12, ಮೂರನೆಯದರಲ್ಲಿ 8ರ ಆಸುಪಾಸು. ನಾಲ್ಕರಿಂದ ಮೈನೆರೆಯುವವರೆಗೆ ವರ್ಷಕ್ಕೆ 5ರಿಂದ 7. ಮೈನೆರೆಯುವ ಮುಂಚೆ ಒಂದಿಷ್ಟು ಮಂದವಾಗಿ, ಆಮೇಲೆ ಜಿಗಿತ: ಏರು ಹೊತ್ತಿನಲ್ಲಿ ಹುಡುಗಿಯರು ವರ್ಷಕ್ಕೆ ಸುಮಾರು 8, ಹುಡುಗರು 9ರಿಂದ 10 ಸೆಂ.ಮೀ. ನಾಲ್ಕು ವರ್ಷದ ನಂತರ, ಮೈನೆರೆಯುವ ಮೊದಲು, ವರ್ಷಕ್ಕೆ 4 ಸೆಂ.ಮೀ.ಗಿಂತ ಕಡಿಮೆ ಬಂದರೆ ವೈದ್ಯರ ಹತ್ತಿರ ಹೋಗಲೇಬೇಕು, ಮಗು ತರಗತಿಯಲ್ಲಿ ಎಲ್ಲರಿಗಿಂತ ಉದ್ದ ಇದ್ದರೂ ಸರಿ.

ಅಳತೆಯನ್ನು ನಕ್ಷೆಯ ಮೇಲೆ ಗುರುತು ಮಾಡಿ. ಐದು ವರ್ಷದವರೆಗೆ ವಿಶ್ವ ಆರೋಗ್ಯ ಸಂಸ್ಥೆಯ 2006ರ ನಕ್ಷೆ, ಐದರಿಂದ ಹದಿನೆಂಟರವರೆಗೆ ಭಾರತೀಯ ಮಕ್ಕಳ ವೈದ್ಯರ ಸಂಘದ, ಅಂದರೆ ಐಎಪಿಯ, 2015ರ ನಕ್ಷೆ. ಎರಡನೆಯದರ ಹಿಂದೆ ಪುಣೆಯ ಜಹಾಂಗೀರ್ ಆಸ್ಪತ್ರೆಯ ವಾಮನ್ ಖಾಡಿಲ್ಕರ್, ಅನುರಾಧಾ ಖಾಡಿಲ್ಕರ್ ಅವರ ದುಡಿಮೆ ದೊಡ್ಡದು. ಅಮೆರಿಕದ ನಕ್ಷೆ ಹಾಕಿದ ಆಪ್ ಇಳಿಸಿಕೊಂಡು ಗಾಬರಿಯಾಗುವ ಬದಲು ಇದನ್ನೇ ಬಳಸಿ. ನಕ್ಷೆಯಲ್ಲಿ ಎತ್ತರಕ್ಕೆ ಏಳು ಗೆರೆಗಳಿವೆ: 3, 10, 25, 50, 75, 90, 97. ಮಗು 10ರ ಗೆರೆಯಲ್ಲಿದೆ ಅಂದರೆ ನೂರು ಮಕ್ಕಳನ್ನು ಸಾಲಾಗಿ ನಿಲ್ಲಿಸಿದರೆ ಗಿಡ್ಡ ತುದಿಯಿಂದ ಹತ್ತನೆಯವನು ಅಂತ, ಪರೀಕ್ಷೆಯಲ್ಲಿ ಹತ್ತು ಮಾರ್ಕು ಬಂತು ಅಂತಲ್ಲ. ಮೊದಲ ಎರಡು ವರ್ಷ ಮಗು ಗೆರೆ ಬದಲಿಸಿ ತನ್ನ ಜಾಗ ಹುಡುಕಿಕೊಳ್ಳುತ್ತದೆ, ಸಹಜ. ಮೂರರ ನಂತರ ಅದೇ ದಾರಿಯಲ್ಲಿ ಸಾಗಬೇಕು. 50ರಲ್ಲಿದ್ದದ್ದು 25 ದಾಟಿ 10ಕ್ಕೆ ಇಳಿದರೆ ಅದು 3ರ ಗೆರೆಯಲ್ಲೇ ಸುಮ್ಮನೆ ಸಾಗುವ ಮಗುವಿಗಿಂತ ಹೆಚ್ಚು ಚಿಂತೆಯ ವಿಷಯ.

ಮನೆತನದ ಲೆಕ್ಕವನ್ನೂ ಹಾಕಿ. ಅಪ್ಪ 170, ಅಮ್ಮ 152 ಅಂದುಕೊಳ್ಳೋಣ. ಎರಡನ್ನೂ ಕೂಡಿದರೆ 322. ಮಗನಿಗಾದರೆ 13 ಕೂಡಿಸಿ ಅರ್ಧ ಮಾಡಿ: 167.5. ಮಗಳಿಗಾದರೆ 13 ಕಳೆದು ಅರ್ಧ ಮಾಡಿ: 154.5. ಅದರ ಆಚೀಚೆ 8 ಸೆಂ.ಮೀ. ಒಳಗೆ ಎಲ್ಲೇ ನಿಂತರೂ ಅದು ಮನೆಯ ಎತ್ತರ. ಅಪ್ಪ ಅಮ್ಮ ತಮ್ಮ ಎತ್ತರವನ್ನು ನೆನಪಿನಿಂದ ಹೇಳಬಾರದು, ಗಂಡಸರು ವಿಶೇಷವಾಗಿ. ಅದೇ ಹಲಗೆಗೆ ನಿಂತು ಅಳೆಸಿಕೊಳ್ಳಲಿ. ಒಂದು ಎಚ್ಚರಿಕೆ: ಅಪ್ಪನೋ ಅಮ್ಮನೋ ತೀರಾ ಗಿಡ್ಡಗಿದ್ದರೆ "ವಂಶವೇ ಹಾಗೆ" ಅಂತ ಕೈತೊಳೆದುಕೊಳ್ಳಬಾರದು, ವಂಶದಲ್ಲಿ ಇಳಿದು ಬರುವ ಮೂಳೆಯ ಅಥವಾ ಹಾರ್ಮೋನಿನ ತೊಂದರೆ ಅವರಲ್ಲಿ ಪತ್ತೆಯಾಗದೆ ಉಳಿದಿರಬಹುದು.

ಯಾವ ಹಾರ್ಮೋನಿಗೆ ಯಾವ ಕೆಲಸ

ಉದ್ದ ಮೂಳೆಗಳ ತುದಿಯ ಹತ್ತಿರ ಮೃದ್ವಸ್ಥಿಯ ತೆಳುಪದರವಿದೆ, ಬೆಳವಣಿಗೆ ಫಲಕ. ಎತ್ತರ ಬರುವುದು ಅಲ್ಲಿ; ಬೇರೆಲ್ಲ ಮಾತೂ ಕೊನೆಗೆ ಈ ಪದರಕ್ಕೇ ಬಂದು ನಿಲ್ಲುತ್ತದೆ. ಮಿದುಳಿನ ಬುಡದಲ್ಲಿ ಕಡಲೆಕಾಳಿನ ಗಾತ್ರದ ಪಿಟ್ಯುಟರಿ ಗ್ರಂಥಿ ಬೆಳವಣಿಗೆ ಹಾರ್ಮೋನನ್ನು ಬಿಡುತ್ತದೆ. ಸದಾ ಹರಿಯುವ ನಲ್ಲಿಯ ಹಾಗಲ್ಲ, ಸೊಸೈಟಿಯ ಟ್ಯಾಂಕಿನಿಂದ ಹೊತ್ತುಹೊತ್ತಿಗೆ ಬಿಡುವ ನೀರಿನ ಹಾಗೆ, ಅಲೆ ಅಲೆಯಾಗಿ. ದೊಡ್ಡ ಅಲೆ ಬರುವುದು ರಾತ್ರಿ, ಗಾಢ ನಿದ್ದೆ ಹತ್ತಿದ ಮೇಲೆ. ನಡುವಿನ ಹೊತ್ತಿನಲ್ಲಿ ರಕ್ತದಲ್ಲಿ ಅದು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಹಗಲು ಹನ್ನೊಂದಕ್ಕೆ ತೆಗೆದ ರಕ್ತದಲ್ಲಿ 0.3 ಬಂದರೆ ಅದಕ್ಕೆ ಅರ್ಥವಿಲ್ಲದಿರುವುದು ಇದಕ್ಕೇ. "ಹತ್ತಕ್ಕೆ ಮಲಗದಿದ್ದರೆ ಎತ್ತರ ಬರಲ್ಲ" ಅನ್ನುವುದೂ ಅರ್ಧ ಸತ್ಯ. ಅಲೆ ಗಡಿಯಾರ ನೋಡುವುದಿಲ್ಲ, ನಿದ್ದೆಯನ್ನು ನೋಡುತ್ತದೆ.

ಈ ಹಾರ್ಮೋನಿನ ಮಾತು ಕೇಳಿ ಯಕೃತ್ತು, ಮತ್ತು ಬೆಳವಣಿಗೆ ಫಲಕ ತಾನೂ, ಐಜಿಎಫ್-1 ಎಂಬ ಇನ್ನೊಂದನ್ನು ತಯಾರಿಸುತ್ತದೆ. ಫಲಕದ ಕೋಶಗಳನ್ನು ದುಡಿಸುವುದರಲ್ಲಿ ಇದರದ್ದೇ ದೊಡ್ಡ ಪಾಲು. ಇದು ದಿನವಿಡೀ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿರುವುದರಿಂದ ಅಳೆಯಲು ಅನುಕೂಲ. ಆದರೆ ಹೊಟ್ಟೆಗೆ ಸಾಲದ ಮಗುವಿನಲ್ಲೂ ಕಡಿಮೆ ಇರುತ್ತದೆ, ಐದು ವರ್ಷದ ಒಳಗೆ ಸಹಜವಾಗಿಯೇ ಕಡಿಮೆ. ವಯಸ್ಸಿಗೆ, ಲಿಂಗಕ್ಕೆ ತಕ್ಕ ಮಿತಿ ಛಾಪಿಸದ ರಿಪೋರ್ಟಿನಿಂದ ಪ್ರಯೋಜನವಿಲ್ಲ.

ಥೈರಾಯ್ಡ್ ಹಾರ್ಮೋನು ಇಲ್ಲದಿದ್ದರೆ ಬೆಳವಣಿಗೆ ಹಾರ್ಮೋನು ಬಿಡುಗಡೆಯೂ ಸರಿಯಾಗಿ ಆಗುವುದಿಲ್ಲ, ಫಲಕವೂ ಸರಿಯಾಗಿ ದುಡಿಯುವುದಿಲ್ಲ. ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿಯ ಕಾರ್ಟಿಸಾಲ್ ಎಂಬ ಹಾರ್ಮೋನು ಹೆಚ್ಚಾದರೆ ಫಲಕವನ್ನು ಅದುಮಿಡುತ್ತದೆ. ಇನ್ನು ಲೈಂಗಿಕ ಹಾರ್ಮೋನು: ಅದು ಜಿಗಿತವನ್ನೂ ಕೊಡುತ್ತದೆ, ಬಾಗಿಲನ್ನೂ ಮುಚ್ಚುತ್ತದೆ. ಫಲಕವನ್ನು ಮುಚ್ಚಿಸುವುದು ಈಸ್ಟ್ರೋಜನ್, ಹುಡುಗರಲ್ಲೂ. ಅವರ ಟೆಸ್ಟೋಸ್ಟಿರಾನಿನ ಒಂದು ಪಾಲು ದೇಹದಲ್ಲೇ ಈಸ್ಟ್ರೋಜನ್ ಆಗಿ ಬದಲಾಗುತ್ತದೆ. ಬೇಗ ಮೈನೆರೆದ ಮಗು ಎರಡನೇ ಕ್ಲಾಸಿನಲ್ಲಿ ಹಿಂದಿನ ಬೆಂಚಿನ ಉದ್ದನೆಯ ಮಗುವಾಗಿದ್ದು ಹತ್ತನೇ ಕ್ಲಾಸಿನ ಹೊತ್ತಿಗೆ ಮುಂದಿನ ಬೆಂಚಿಗೆ ಬರುವುದು ಹೀಗೆ.

ಎತ್ತರ, ತೂಕ ಎರಡನ್ನೂ ಒಟ್ಟಿಗೆ ಓದಿ

ಮನೆಯಲ್ಲೇ ಮಾಡಬಹುದಾದ, ಯಾವ ಲ್ಯಾಬೂ ಕೊಡದ ಪರೀಕ್ಷೆ ಇದು. ತೂಕದ ಗೆರೆ ಮೊದಲು ಬಿದ್ದು, ಆಮೇಲೆ ಎತ್ತರ ಹಿಂಬಾಲಿಸಿದರೆ ಹುಡುಕಬೇಕಾದದ್ದು ಊಟದಲ್ಲಿ, ಕರುಳಿನಲ್ಲಿ, ಮೂತ್ರಪಿಂಡದಲ್ಲಿ, ಹಳೆಯ ಸೋಂಕಿನಲ್ಲಿ. ಎತ್ತರ ನಿಂತು, ತೂಕ ಹಾಗೇ ಇದ್ದರೆ ಅಥವಾ ಏರುತ್ತಿದ್ದರೆ ಹಾರ್ಮೋನಿನಲ್ಲಿ ಹುಡುಕಬೇಕು.

ಗುಂಡುಗುಂಡಗಿರುವ ಮಗುವಿಗೂ ಇದೇ ಸೂತ್ರ. ವಡಾಪಾವ್, ಚಿಪ್ಸು, ಕೂತಲ್ಲೇ ಮೊಬೈಲು ಇವುಗಳಿಂದ ದಪ್ಪಗಾದ ಮಗು ಸಾಮಾನ್ಯವಾಗಿ ವಯಸ್ಸಿಗಿಂತ ಎತ್ತರವೇ ಇರುತ್ತದೆ. ಅದಕ್ಕೆ "ಥೈರಾಯ್ಡ್ ಇರಬಹುದು" ಅನ್ನುವುದು ಮನೆಯವರ ಸಮಾಧಾನ. ದಪ್ಪಗಾಗುತ್ತಾ ಎತ್ತರ ನಿಂತುಹೋದ ಮಗುವೇ ಬೇರೆ. ಅಲ್ಲಿ ಥೈರಾಯ್ಡ್, ಕಾರ್ಟಿಸಾಲ್, ಬೆಳವಣಿಗೆ ಹಾರ್ಮೋನು ಮೂರನ್ನೂ ನೋಡಲೇಬೇಕು. ಕಾರ್ಟಿಸಾಲಿನ ಬಗ್ಗೆ ಕೇಳುವಾಗ ಮನೆಯಲ್ಲಿರುವ ಎಲ್ಲಾ ಔಷಧಿಗಳನ್ನು ಮೇಜಿನ ಮೇಲೆ ಇಡಿ, ಏಕೆಂದರೆ ಸ್ಟೀರಾಯ್ಡ್ ಔಷಧಿ ಮಾಡುವುದು ಕಾರ್ಟಿಸಾಲಿನ ಕೆಲಸವನ್ನೇ: ಕೆಮ್ಮು ಬಂದಾಗಲೆಲ್ಲ ಹಾಕುವ ಸ್ಟೀರಾಯ್ಡ್ ಡ್ರಾಪ್ಸ್, ತುರಿಕೆಯ ಕ್ರೀಮು, ಪೊಟ್ಟಣದಲ್ಲಿ ಬರುವ ಹೆಸರಿಲ್ಲದ ಪುಡಿ. ಹಸಿವು ಹೆಚ್ಚಿ, ಮುಖ ಚಂದ್ರನಂತಾಗಿ "ಪುಡಿ ಮೈಗೆ ಹಿಡಿಯಿತು" ಅನ್ನಿಸುವಾಗಲೇ ಎತ್ತರ ನಿಂತಿರುತ್ತದೆ. ಅಂಥದ್ದನ್ನು ಕೂಡಲೇ ಬಿಸಾಡುವುದೂ ತಪ್ಪು. ತಿಂಗಳುಗಟ್ಟಲೆ ಕೊಟ್ಟ ಸ್ಟೀರಾಯ್ಡ್ ಥಟ್ಟನೆ ನಿಲ್ಲಿಸಿದರೆ ಮಗುವಿನ ಸ್ವಂತ ಅಡ್ರಿನಲ್ ಎಚ್ಚರಗೊಂಡಿರುವುದಿಲ್ಲ, ರಕ್ತದೊತ್ತಡ ಕುಸಿಯಬಹುದು. ವೈದ್ಯರು ಇಳಿಸುತ್ತಾ ಬರುತ್ತಾರೆ. ಆಸ್ತಮಾದ ಇನ್‌ಹೇಲರು ಈ ಪಟ್ಟಿಗೆ ಸೇರುವುದಿಲ್ಲ. ವರ್ಷಗಟ್ಟಲೆ ಬಳಸಿದರೂ ಕೊನೆಯ ಎತ್ತರದಲ್ಲಿ ವ್ಯತ್ಯಾಸ ಸುಮಾರು ಒಂದು ಸೆಂ.ಮೀ. ಮಳೆಗಾಲದ ಮುಂಬೈಯಲ್ಲಿ ಅದಕ್ಕೆ ಹೆದರಿ ಇನ್‌ಹೇಲರ್ ನಿಲ್ಲಿಸುವುದು ದೊಡ್ಡ ಅಪಾಯ.

ಪರೀಕ್ಷೆಗಳ ಕ್ರಮ

ಮೊದಲ ಸುತ್ತಿನಲ್ಲಿ ದುಬಾರಿ ಪರೀಕ್ಷೆ ಯಾವುದೂ ಬೇಡ. ರಕ್ತಕಣಗಳ ಎಣಿಕೆ ಮತ್ತು ಇಎಸ್‌ಆರ್, ಕ್ರಿಯಾಟಿನಿನ್, ಸೋಡಿಯಂ-ಪೊಟ್ಯಾಸಿಯಂ, ಬೈಕಾರ್ಬನೇಟ್, ಕ್ಯಾಲ್ಸಿಯಂ, ರಂಜಕ, ಆಲ್ಕಲೈನ್ ಫಾಸ್ಫಟೇಸ್, ಮೂತ್ರ, ಥೈರಾಯ್ಡಿಗೆ ಪಿಟ್ಯುಟರಿ ಕಳಿಸುವ ಆದೇಶವಾದ ಟಿಎಸ್‌ಎಚ್ ಜೊತೆಗೆ ಥೈರಾಯ್ಡಿನ ಸ್ವಂತ ಹಾರ್ಮೋನಾದ ಫ್ರೀ ಟಿ4, ಗೋಧಿಯ ಪ್ರೋಟೀನಿನಿಂದ ಕರುಳು ಕೆಡುವ ಸೀಲಿಯಾಕ್ ಕಾಯಿಲೆಗೆ ಟಿಟಿಜಿ-ಐಜಿಎ ಮತ್ತು ಒಟ್ಟು ಐಜಿಎ. ಕೊನೆಯದನ್ನು "ನಾವು ಅನ್ನ ತಿನ್ನುವವರು" ಅಂತ ಬಿಡಬೇಡಿ. ಚಪಾತಿ, ಪಾವ್, ಬಿಸ್ಕತ್ತು ಅಂತ ಇಲ್ಲಿಯ ಮಕ್ಕಳ ಹೊಟ್ಟೆಗೆ ಗೋಧಿ ದಿನಾ ಹೋಗುತ್ತದೆ. ಗಿಡ್ಡಗಿರುವ ಹುಡುಗಿಗೆ, ಬೇರೆ ಕಾರಣ ಕಾಣದಿದ್ದರೆ, ಕ್ಯಾರಿಯೋಟೈಪ್, ಅಂದರೆ ಕ್ರೋಮೋಸೋಮುಗಳ ಪರೀಕ್ಷೆ, ಕಡ್ಡಾಯ. ಒಂದು ಎಕ್ಸ್ ಕ್ರೋಮೋಸೋಮು ಪೂರ್ತಿಯಾಗಿ ಅಥವಾ ಭಾಗಶಃ ಇಲ್ಲದ ಟರ್ನರ್ ಸಿಂಡ್ರೋಮ್ ಸುಮಾರು 2,000ದಿಂದ 2,500 ಹುಡುಗಿಯರಲ್ಲಿ ಒಬ್ಬಳಿಗಿರುತ್ತದೆ, ಕೆಲವರಲ್ಲಿ ಗಿಡ್ಡತನ ಬಿಟ್ಟರೆ ಹೊರಗೆ ಬೇರೇನೂ ಕಾಣಿಸುವುದಿಲ್ಲ.

ಟಿಎಸ್‌ಎಚ್ ಒಂದನ್ನೇ ಮಾಡಿಸುವುದು ಸಾಮಾನ್ಯ ತಪ್ಪು. ತೊಂದರೆ ಪಿಟ್ಯುಟರಿಯಲ್ಲೇ ಇದ್ದರೆ ಟಿಎಸ್‌ಎಚ್ ಸರಿಯಿದ್ದು ಟಿ4 ಮಾತ್ರ ಕಡಿಮೆ ಇರುತ್ತದೆ. ಕೂದಲಿಗೆಂದು ಬಯೋಟಿನ್ ಎಂಬ ವಿಟಮಿನ್ ಕೊಡುತ್ತಿದ್ದರೆ ಪರೀಕ್ಷೆಗೆ ಎರಡು ದಿನ ಮೊದಲೇ ನಿಲ್ಲಿಸಿ; ಥೈರಾಯ್ಡ್ ರಿಪೋರ್ಟನ್ನು ಅದು ಕೆಡಿಸುತ್ತದೆ.

ಜೊತೆಗೆ ಎಡಗೈಯ ಮಣಿಕಟ್ಟು ಸೇರಿದಂತೆ ಒಂದು ಎಕ್ಸ್‌ರೇ. ಇದು ಮೂಳೆಯ ವಯಸ್ಸು. 1959ರಷ್ಟು ಹಳೆಯ ಗ್ರೂಲಿಕ್-ಪೈಲ್ ಚಿತ್ರಸಂಪುಟ ಇಟ್ಟುಕೊಂಡು ಇಂದಿಗೂ ಹೋಲಿಸುತ್ತಾರೆ. "ನಾರ್ಮಲ್ ಸ್ಟಡಿ" ಎಂಬ ಒಂದು ಸಾಲಿನ ರಿಪೋರ್ಟು ಒಪ್ಪಬೇಡಿ, ವರ್ಷ-ತಿಂಗಳು ಬರೆದಿರಬೇಕು. ಫಿಲ್ಮನ್ನೂ ಇಟ್ಟುಕೊಳ್ಳಿ. ವಯಸ್ಸು 10, ಮೂಳೆಯ ವಯಸ್ಸೂ 10, ವೇಗ ಸರಿಯಿದೆ, ಅಪ್ಪ ಅಮ್ಮ ಗಿಡ್ಡ: ಮನೆತನದ ಗಿಡ್ಡತನ. ಮೂಳೆಯ ವಯಸ್ಸು 8, ವೇಗ ಸರಿಯಿದೆ, ಅಪ್ಪನಿಗೆ ತಡವಾಗಿ ಮೀಸೆ ಬಂದಿತ್ತು: ತಡವಾಗಿ ಬೆಳೆಯುವ ಜಾತಿ. "ಅವರಪ್ಪನೂ ಹಾಗೇ ಇದ್ದ" ಅನ್ನುವ ಮಾತು ನಿಜವಾಗುವುದು ಇಲ್ಲಿ ಮಾತ್ರ. ಮೂಳೆ ಹಿಂದಿದ್ದು ವೇಗವೂ ಕುಸಿದಿದ್ದರೆ ಹಾರ್ಮೋನು.

ಇಷ್ಟಾದ ಮೇಲೆ, ಥೈರಾಯ್ಡ್ ಸರಿಪಡಿಸಿದ ಮೇಲೆ, ಬೆಳವಣಿಗೆ ಹಾರ್ಮೋನಿನ ಪ್ರಚೋದನಾ ಪರೀಕ್ಷೆ. ಕ್ಲೋನಿಡಿನ್ ಮಾತ್ರೆ ಅಥವಾ ಗ್ಲುಕಗಾನ್ ಇಂಜೆಕ್ಷನ್ ಕೊಟ್ಟು ಪಿಟ್ಯುಟರಿಯನ್ನು ಕೆಣಕಿ ಎಷ್ಟು ಬಿಡುತ್ತದೆ ಅಂತ ನೋಡುವುದು. ರಾತ್ರಿಯಿಂದ ಉಪವಾಸ, ನೀರು ಕುಡಿಯಬಹುದು. ಕೈಗೆ ಒಮ್ಮೆ ಸೂಜಿ ಕೂಡಿಸಿದರೆ, ಕ್ಲೋನಿಡಿನ್‌ನಲ್ಲಿ 0, 30, 60, 90, 120ನೇ ನಿಮಿಷಗಳಲ್ಲಿ ಅದರಿಂದಲೇ ರಕ್ತ. ಅತಿ ಹೆಚ್ಚು ಬಂದ ಅಂಕೆಯೂ ವಾಡಿಕೆಯ ಗಡಿಯಾದ ಮಿ.ಲೀ.ಗೆ 10 ನ್ಯಾನೋಗ್ರಾಂಗಿಂತ ಕೆಳಗಿದ್ದರೆ ಕೊರತೆ ಅನ್ನುತ್ತಾರೆ. ಹೊಸ ಅಳತೆ ವಿಧಾನಗಳಲ್ಲಿ ಗಡಿಯನ್ನು 7ರ ಸುತ್ತ ಇಡುವವರಿದ್ದಾರೆ. ಆರೋಗ್ಯವಂತ ಮಕ್ಕಳೂ ಒಂದು ಪರೀಕ್ಷೆಯಲ್ಲಿ ನಪಾಸಾಗುತ್ತಾರೆ, ಹಾಗಾಗಿ ಎರಡು ಬೇರೆ ಔಷಧಿಗಳಿಂದ ಮಾಡಬೇಕು. ಮೈನೆರೆಯುವ ಹೊಸ್ತಿಲಲ್ಲಿ ನಿಂತ ಮಗುವಿಗೆ ಮೊದಲೇ ಲೈಂಗಿಕ ಹಾರ್ಮೋನಿನ ಚಿಕ್ಕ ಡೋಸ್ ಕೊಟ್ಟು ಪರೀಕ್ಷಿಸದಿದ್ದರೆ ಸುಳ್ಳು ಕೊರತೆ ಕಾಣಿಸಬಹುದು. ಕ್ಲೋನಿಡಿನ್ ರಕ್ತದೊತ್ತಡ ಇಳಿಸಿ ಮಂಪರು ತರುತ್ತದೆ. ಪರೀಕ್ಷೆ ಮುಗಿದ ತಕ್ಷಣ ಮಗುವನ್ನು ದಾದರ್ ಸ್ಟೇಷನಿನ ಸೇತುವೆ ಹತ್ತಿಸಬೇಡಿ. ಉಪ್ಪು ಹಾಕಿದ ಮಜ್ಜಿಗೆ, ಇಡ್ಲಿ ತಿನ್ನಿಸಿ, ಒಂದೆರಡು ಗಂಟೆ ಮಲಗಿಸಿ, ಎದ್ದು ನಿಂತಾಗ ತಲೆ ಸುತ್ತುವುದಿಲ್ಲ ಅಂತ ಖಾತ್ರಿಯಾದ ಮೇಲೆ ಹೊರಡಿ. ಕೊರತೆ ಖಚಿತವಾದರೆ ಪಿಟ್ಯುಟರಿಯ ಎಂಆರ್‌ಐ ಆಗಲೇಬೇಕು.

ಥೈರಾಯ್ಡ್ ಮಾತ್ರೆ

ಹುಟ್ಟಿನಿಂದಲೇ ಥೈರಾಯ್ಡ್ ಇಲ್ಲದ ಮಗುವಿನಲ್ಲಿ ಎತ್ತರಕ್ಕಿಂತ ಮೊದಲು ಹೋಗುವುದು ಬುದ್ಧಿ. ಮೊದಲ ಎರಡು ವಾರದಲ್ಲಿ ಚಿಕಿತ್ಸೆ ಶುರುವಾದರೆ ಮಗು ಎಲ್ಲರಂತೆ ಬೆಳೆಯುತ್ತದೆ. ಮುಂಬೈಯ ಕನ್ನಡಿಗರಿಗೆ ಇಲ್ಲೊಂದು ಸಂದು ಇದೆ. ಹೆರಿಗೆ ತವರಿನಲ್ಲಿ, ಉಡುಪಿಯಲ್ಲೋ ವಿಜಯಪುರದಲ್ಲೋ. ಮಗು ಮುಂಬೈಗೆ ಬರುವುದು ಮೂರು ತಿಂಗಳಿಗೆ. ನವಜಾತ ಶಿಶುವಿನ ಥೈರಾಯ್ಡ್ ಪರೀಕ್ಷೆಯನ್ನು ಅಲ್ಲಿಯವರು ಇಲ್ಲಿ ಮಾಡಿಸುತ್ತಾರೆ ಅಂದುಕೊಂಡರು, ಇಲ್ಲಿಯವರು ಅಲ್ಲಿ ಆಗಿದೆ ಅಂದುಕೊಂಡರು. ಈ ಪರೀಕ್ಷೆ ಎಲ್ಲ ಆಸ್ಪತ್ರೆಗಳಲ್ಲೂ ತಾನಾಗಿ ಆಗುವುದಿಲ್ಲ. ಹುಟ್ಟಿದ 48ರಿಂದ 72 ಗಂಟೆಗಳ ನಡುವೆ ಹಿಮ್ಮಡಿಯಿಂದ ರಕ್ತ, ಇಲ್ಲವೇ ಹೊಕ್ಕುಳಬಳ್ಳಿಯ ರಕ್ತ. ಡಿಸ್ಚಾರ್ಜ್ ಕಾಗದದಲ್ಲಿ ಟಿಎಸ್‌ಎಚ್ ಅಂಕೆ ಇದೆಯೇ ನೋಡಿಯೇ ಹೊರಡಿ. ಮೊದಲ ದಿನ ಟಿಎಸ್‌ಎಚ್ ಎಲ್ಲ ಶಿಶುಗಳಲ್ಲೂ ಜಿಗಿದಿರುತ್ತದೆ, ಆಗ ತೆಗೆದರೆ ವೃಥಾ ಗಾಬರಿ.

ನವಜಾತ ಶಿಶುವಿಗೆ ದಿನಕ್ಕೆ ಕೆಜಿಗೆ 10ರಿಂದ 15 ಮೈಕ್ರೋಗ್ರಾಂ ಲೆವೊಥೈರಾಕ್ಸಿನ್, ಅಂದರೆ ಥೈರಾಯ್ಡ್ ಮಾತ್ರೆ. ಮಾತ್ರೆಯನ್ನು ಚಮಚದಲ್ಲಿ ಪುಡಿಮಾಡಿ ಒಂದೆರಡು ಮಿ.ಲೀ. ನೀರಿನಲ್ಲೋ ಎದೆಹಾಲಿನಲ್ಲೋ ಕಲಸಿ ಆಗಲೇ ಕುಡಿಸಬೇಕು. ಹಾಲಿನ ಬಾಟಲಿಗೆ ಹಾಕಿದರೆ ಅರ್ಧ ತಳದಲ್ಲೇ ಉಳಿಯುತ್ತದೆ. ದೊಡ್ಡ ಮಕ್ಕಳಿಗೆ ಬೆಳಗ್ಗೆ ಬರಿಹೊಟ್ಟೆಯಲ್ಲಿ, ಹಾಲಿಗಿಂತ ಅರ್ಧ ಗಂಟೆ ಮೊದಲು. ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆಗಳು ನಾಲ್ಕು ಗಂಟೆ ದೂರವಿರಲಿ. ಒಟ್ಟಿಗೆ ಕೊಟ್ಟರೆ ಥೈರಾಯ್ಡ್ ಮಾತ್ರೆ ರಕ್ತಕ್ಕೆ ಸೇರುವುದಿಲ್ಲ. ಜುಲೈ ತೇವದಲ್ಲಿ ಮಾತ್ರೆಯನ್ನು ವಾರದ ಡಬ್ಬಿಗೆ ಬಿಡಿಸಿ ಇಡಬೇಡಿ, ಅದು ಬಂದ ಪ್ಯಾಕಿನಲ್ಲೇ ಮುಚ್ಚಿಡಿ. ಡೋಸ್ ಬದಲಾಗಿ ನಾಲ್ಕರಿಂದ ಆರು ವಾರಕ್ಕೆ ಮತ್ತೆ ರಕ್ತ. ಶಿಶುಗಳಲ್ಲಿ ಅದಕ್ಕಿಂತ ಬೇಗ. ರಿಪೋರ್ಟು ಸರಿ ಬಂತೆಂದರೆ ಡೋಸ್ ಸರಿಯಿದೆ ಎಂದರ್ಥ, ಮಾತ್ರೆ ಬೇಡ ಎಂದಲ್ಲ. ಹುಟ್ಟಿನಿಂದ ಇರುವ ಕೊರತೆಯಾದರೆ ಮೂರು ವರ್ಷದವರೆಗೆ ನಿಲ್ಲಿಸಿ ನೋಡುವ ಪ್ರಯೋಗವೇ ಬೇಡ.

ಬೆಳವಣಿಗೆ ಹಾರ್ಮೋನಿನ ಇಂಜೆಕ್ಷನ್

1985ರವರೆಗೆ ಇದನ್ನು ಸತ್ತವರ ಪಿಟ್ಯುಟರಿಯಿಂದ ತೆಗೆಯುತ್ತಿದ್ದರು. ಅದರಿಂದ ಕೆಲವರಿಗೆ ಮಾರಕ ಮಿದುಳಿನ ಕಾಯಿಲೆ ತಗುಲಿದ್ದು ಆ ವರ್ಷ ಗೊತ್ತಾಗಿ ಅದು ನಿಂತಿತು, ಅದೇ ವರ್ಷ ಪ್ರಯೋಗಾಲಯದಲ್ಲಿ ತಯಾರಾದದ್ದಕ್ಕೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಈಗ ಸಿಗುವುದೆಲ್ಲ ಎರಡನೆಯದು.

ಕೊರತೆಯಿರುವ ಮಗುವಿಗೆ ದಿನಕ್ಕೆ ಕೆಜಿಗೆ ಸಾಮಾನ್ಯವಾಗಿ 25ರಿಂದ 35 ಮೈಕ್ರೋಗ್ರಾಂ, ಟರ್ನರ್ ಹುಡುಗಿಯರಿಗೆ ಇನ್ನಷ್ಟು ಹೆಚ್ಚು. 20 ಕೆಜಿಯ ಮಗುವಿಗೆ 25ರ ಲೆಕ್ಕದಲ್ಲಿ ದಿನಕ್ಕೆ 0.5 ಮಿ.ಗ್ರಾಂ. ಒಂದು ಮಿ.ಗ್ರಾಂಗೆ 3 ಯೂನಿಟ್, ಅಂದರೆ ದಿನಕ್ಕೆ 1.5, ತಿಂಗಳಿಗೆ 45 ಯೂನಿಟ್. ಒಂದು ಅಂಗಡಿ ಮಿ.ಗ್ರಾಂನಲ್ಲಿ, ಇನ್ನೊಂದು ಯೂನಿಟ್‌ನಲ್ಲಿ ಮಾತಾಡುವಾಗ ಈ ಗುಣಾಕಾರ ಬಾರದಿದ್ದರೆ ಡೋಸ್ ಮೂರು ಪಟ್ಟು ಏರುಪೇರಾಗುತ್ತದೆ. ಮಗುವಿನ ತೂಕ ಏರಿದಂತೆ ಡೋಸನ್ನೂ ಏರಿಸಬೇಕು, ಮರೆತರೆ ಎರಡನೇ ವರ್ಷ ಬೆಳವಣಿಗೆ ಸೊರಗುತ್ತದೆ.

ಕೊಡುವುದು ರಾತ್ರಿ ಮಲಗುವ ಮುನ್ನ, ಚರ್ಮದ ಕೆಳಗೆ. ತೊಡೆ, ಹೊಟ್ಟೆ, ಕುಂಡಿ ಹೀಗೆ ಜಾಗ ಬದಲಿಸುತ್ತಾ. ಒಂದೇ ಜಾಗಕ್ಕೆ ಚುಚ್ಚಿದರೆ ಅಲ್ಲಿ ಕೊಬ್ಬು ಕರಗಿ ಗುಳಿ ಬೀಳುತ್ತದೆ. ಪೆನ್ನಿನ ಗುಂಡಿ ಒತ್ತಿ ಹತ್ತು ಎಣಿಸಿ ಸೂಜಿ ತೆಗೆಯಿರಿ, ತೆಗೆದ ಸೂಜಿಯನ್ನು ಪೆನ್ನಿನಲ್ಲೇ ಬಿಡಬೇಡಿ; ಔಷಧಿ ಸೋರುತ್ತದೆ, ಗಾಳಿ ಸೇರುತ್ತದೆ. ಪುಡಿಯನ್ನು ಕರಗಿಸಿಕೊಳ್ಳುವ ಬಾಟಲಿಯಾದರೆ ನೀರನ್ನು ಗಾಜಿನ ಗೋಡೆಗೆ ತಾಗುವಂತೆ ಬಿಟ್ಟು ನಿಧಾನ ತಿರುಗಿಸಬೇಕು. ಕುಲುಕಿದರೆ ಪ್ರೋಟೀನು ಕೆಡುತ್ತದೆ. ಮಸುಕಾಗಿದ್ದರೆ ಚೆಲ್ಲಿ. ಒಂದು ದಿನ ತಪ್ಪಿದರೆ ಮರುದಿನ ಎರಡರಷ್ಟು ಕೊಡಬಾರದು. ವಾರಕ್ಕೊಮ್ಮೆ ಕೊಡುವ ತಯಾರಿಕೆಗಳೂ ಈಗ ಇವೆ.

ಇಡುವುದು 2ರಿಂದ 8 ಡಿಗ್ರಿಯಲ್ಲಿ, ಫ್ರಿಜ್ಜಿನ ನಡುತಟ್ಟೆಯಲ್ಲಿ. ಫ್ರೀಜರಿನ ಬುಡಕ್ಕೆ ತಾಗಿ ಒಮ್ಮೆ ಹೆಪ್ಪುಗಟ್ಟಿದರೆ ಕರಗಿದ ಮೇಲೂ ಕೆಲಸಕ್ಕೆ ಬಾರದು, ನೋಡಲು ಮಾತ್ರ ಹಾಗೇ ಇರುತ್ತದೆ. ಕುರ್ಲಾದಿಂದ ಮಧ್ಯಾಹ್ನ ಹೊರಟು ಮರುದಿನ ಬೆಳಗ್ಗೆ ಮಂಗಳೂರು ಮುಟ್ಟುವ ಪ್ರಯಾಣಕ್ಕೆ ಸ್ಟೀಲಿನ ಡಬ್ಬಿಗಿಂತ ಥರ್ಮೊಕೋಲ್ ಪೆಟ್ಟಿಗೆ ಒಳ್ಳೆಯದು. ಜೆಲ್ ಪ್ಯಾಕನ್ನು ಟವೆಲಿನಲ್ಲಿ ಸುತ್ತಿ ಕೆಳಗೆ, ನಡುವೆ ಇನ್ನೊಂದು ಬಟ್ಟೆ, ಮೇಲೆ ಪೆನ್ನು. ಐಸಿಗೆ ಪೆನ್ನು ನೇರ ತಾಗಬಾರದು.

ಮೊದಲ ವರ್ಷ 8ರಿಂದ 10 ಸೆಂ.ಮೀ. ಬರಬೇಕು, ಕೊರತೆ ತೀವ್ರವಾಗಿದ್ದರೆ ಇನ್ನೂ ಹೆಚ್ಚು. ಬರದಿದ್ದರೆ ಡೋಸ್ ಏರಿಸುವ ಮೊದಲು ಖಾಲಿ ಪೆನ್ನುಗಳನ್ನು ಎಣಿಸಿ. ಮದುವೆ, ಪರೀಕ್ಷೆ, ಜ್ವರ ಅಂತ ತಪ್ಪಿದ ರಾತ್ರಿಗಳೇ ಹೆಚ್ಚಿನ ಸಲ ಕಾರಣ. ಆಮೇಲೆ ಫ್ರಿಜ್ಜು, ಆಮೇಲೆ ಥೈರಾಯ್ಡ್. ಚಿಕಿತ್ಸೆ ಶುರುವಾದ ಮೇಲೆ ಅಡಗಿದ್ದ ಥೈರಾಯ್ಡ್ ಕೊರತೆ ಬಯಲಾಗುವುದುಂಟು. ಬಿಡದ ತಲೆನೋವಿನ ಜೊತೆ ಮಸುಕು ದೃಷ್ಟಿ ಬಂದರೆ, ಅಥವಾ ಮಗು ಸೊಂಟ-ಮೊಣಕಾಲು ನೋವೆಂದು ಕುಂಟಿದರೆ ಇಂಜೆಕ್ಷನ್ ನಿಲ್ಲಿಸಿ ಅದೇ ದಿನ ವೈದ್ಯರಿಗೆ ತೋರಿಸಿ. ಮೊದಲನೆಯದು ತಲೆಬುರುಡೆಯೊಳಗಿನ ಒತ್ತಡ, ಎರಡನೆಯದು ತೊಡೆಮೂಳೆಯ ತಲೆ ಜಾರಿರಬಹುದು. ಮೊಣಕಾಲು ನೋವೆಂದು ಮೊಣಕಾಲಿನ ಎಕ್ಸ್‌ರೇ ಮಾತ್ರ ತೆಗೆದು ಕಳಿಸಿದರೆ ಸೊಂಟದ್ದೂ ಕೇಳಿ.

ಯಾವ ಕೊರತೆಯೂ ಇಲ್ಲದ, ಸುಮ್ಮನೆ ಗಿಡ್ಡಗಿರುವ ಮಗುವಿಗೆ ಇದನ್ನು ಕೊಡಬಹುದೇ? ವರ್ಷಗಟ್ಟಲೆ ದಿನಾ ಚುಚ್ಚಿ ಸಿಗುವುದು ಸರಾಸರಿ ನಾಲ್ಕೈದು ಸೆಂ.ಮೀ.; ಆ ಲಾಭಕ್ಕೆ ಅಷ್ಟು ಖರ್ಚು, ಅಷ್ಟು ಸೂಜಿ ಹೆಚ್ಚಿನ ಮಕ್ಕಳಿಗೆ ಹೊರೆಯೇ. ಮೂಳೆಯ ವಯಸ್ಸು ಹುಡುಗಿಗೆ 14, ಹುಡುಗನಿಗೆ 16 ದಾಟಿದ್ದರೆ ಎತ್ತರಕ್ಕಾಗಿ ಕೊಡುವುದು ಹಣ ಸುರಿದಂತೆ. ಲೋಕಲ್ ರೈಲಿನ ಡಬ್ಬಿಯಲ್ಲಿ ಅಂಟಿಸಿದ "ಎತ್ತರ ಹೆಚ್ಚಿಸಿ" ಚೀಟಿ, ಡಬ್ಬಿ ಪುಡಿ, ಕಂಬಿಗೆ ಜೋತುಬೀಳುವುದು, ಇವುಗಳಿಂದ ಮುಚ್ಚಿದ ಫಲಕ ತೆರೆಯುವುದಿಲ್ಲ.

ಮೈನೆರೆಯುವುದು ಬೇಗವೋ ತಡವೋ

ಹುಡುಗಿಗೆ 8 ತುಂಬುವ ಮೊದಲು ಎದೆ ಮೂಡಿದರೆ, ಹುಡುಗನಿಗೆ 9ಕ್ಕೆ ಮೊದಲು ವೃಷಣ ದೊಡ್ಡದಾದರೆ ಬೇಗ. ಹುಡುಗಿಗೆ 13, ಹುಡುಗನಿಗೆ 14 ದಾಟಿಯೂ ಏನೂ ಇಲ್ಲದಿದ್ದರೆ ತಡ. ಇಲ್ಲಿ ತಾಯಂದಿರು ಲೆಕ್ಕ ತಪ್ಪುವುದು ಒಂದೇ ಕಡೆ: ಮುಟ್ಟನ್ನು ಆರಂಭ ಅಂದುಕೊಳ್ಳುತ್ತಾರೆ. ಅದು ಬಹುಪಾಲು ಮುಗಿತಾಯ. ಎದೆ ಮೂಡಿದ ಸುಮಾರು ಎರಡು, ಎರಡೂವರೆ ವರ್ಷಕ್ಕೆ ಮುಟ್ಟು ಬರುತ್ತದೆ. ಆಮೇಲೆ ಉಳಿದಿರುವ ಎತ್ತರ ಸಾಮಾನ್ಯವಾಗಿ 5ರಿಂದ 7 ಸೆಂ.ಮೀ. "ದೊಡ್ಡವಳಾದ ಮೇಲೆ ಬೆಳೆಯುತ್ತಾಳೆ" ಅಂತ ಕಾಯುವುದರಲ್ಲಿ ಅರ್ಥವಿಲ್ಲ. ಎಂಟರ ಒಳಗೆ ಎದೆಯಲ್ಲಿ ಗಂಟು ಕಂಡ ತಿಂಗಳೇ ತೋರಿಸಿ. ಎರಡು ವರ್ಷದ ಒಳಗಿನ ಕೂಸುಗಳಲ್ಲಿ ಎದೆ ಮಾತ್ರ ತುಸು ಉಬ್ಬಿ, ಎತ್ತರದ ವೇಗ ಸಹಜವಾಗಿದ್ದರೆ ಹೆಚ್ಚಾಗಿ ತಾನೇ ಇಳಿಯುತ್ತದೆ.

ಮಿದುಳಿನ ಕಡೆಯಿಂದಲೇ ಬೇಗ ಶುರುವಾಗಿದೆ ಎಂದು ಪಿಟ್ಯುಟರಿಯಿಂದ ಬರುವ ಎಲ್‌ಎಚ್ ಹಾರ್ಮೋನಿನ ಪರೀಕ್ಷೆಯಲ್ಲಿ ಖಚಿತವಾದರೆ ಅದನ್ನು ತಡೆಹಿಡಿಯುವ ಲ್ಯುಪ್ರೊಲೈಡ್‌ನಂಥ ಇಂಜೆಕ್ಷನ್ ತಿಂಗಳಿಗೊಮ್ಮೆ ಅಥವಾ ಮೂರು ತಿಂಗಳಿಗೊಮ್ಮೆ. ಇದರಲ್ಲಿ ತಾರೀಖೇ ಎಲ್ಲ. 28 ದಿನದ್ದನ್ನು 40ಕ್ಕೆ ಕೊಟ್ಟರೆ ನಡುವೆ ಹಾರ್ಮೋನು ಮತ್ತೆ ಏಳುತ್ತದೆ. ಊರಿಗೆ ಹೋಗುವ ತಿಂಗಳಲ್ಲಿ ಮೊದಲೇ ಏರ್ಪಾಡು ಮಾಡಿ. ಹುಡುಗಿಯರಲ್ಲಿ ಹೆಚ್ಚಿನ ಸಲ ಕಾರಣ ಸಿಗುವುದಿಲ್ಲ. ಹುಡುಗರಲ್ಲಿ ಕಾರಣ ಇರುವುದೇ ಹೆಚ್ಚು, ಎಂಆರ್‌ಐ ಬಿಡಬಾರದು. ಚಿಕ್ಕ ಹುಡುಗನ ವೃಷಣ ಸಣ್ಣದಾಗಿಯೇ ಇದ್ದು ಜನನೇಂದ್ರಿಯ, ಕೂದಲು, ಎತ್ತರ ಮಾತ್ರ ಏರುತ್ತಿದ್ದರೆ ಅಡ್ರಿನಲ್ಲಿನ ಹುಟ್ಟು ತೊಂದರೆಗಾಗಿ 17-ಒಎಚ್‌ಪಿ ಎಂಬ ರಕ್ತಪರೀಕ್ಷೆ ಕೇಳಬೇಕು. ತಡವಾಗುವ ಹುಡುಗರಲ್ಲಿ ಬಹುಪಾಲು ಅಪ್ಪನ ದಾರಿಯವರು. ಮನಸ್ಸಿಗೆ ತುಂಬಾ ಹಚ್ಚಿಕೊಂಡವರಿಗೆ ತಿಂಗಳಿಗೊಮ್ಮೆ ಟೆಸ್ಟೋಸ್ಟಿರಾನ್ 50 ಮಿ.ಗ್ರಾಂನಷ್ಟು ಚಿಕ್ಕ ಡೋಸ್ ಮೂರರಿಂದ ಆರು ತಿಂಗಳು ಕೊಟ್ಟು ಎಬ್ಬಿಸುತ್ತಾರೆ. ಜಿಮ್ಮಿನ ಪರಿಚಯದವರಿಂದ ತಂದದ್ದಲ್ಲ. ಡೋಸ್ ಹೆಚ್ಚಾದರೆ ಫಲಕ ಬೇಗ ಮುಚ್ಚುತ್ತದೆ.

ವೈದ್ಯರ ಬಳಿ ಹೋಗುವಾಗ

ಹೋಗಬೇಕಾದದ್ದು ಮಕ್ಕಳ ಎಂಡೋಕ್ರಿನಾಲಜಿಸ್ಟ್, ಅಂದರೆ ಹಾರ್ಮೋನು ತಜ್ಞರ, ಹತ್ತಿರ. ಪರೇಲಿನಲ್ಲಿ ವಾಡಿಯಾ ಮಕ್ಕಳ ಆಸ್ಪತ್ರೆ, ಅಲ್ಲೇ ಹತ್ತಿರ ಕೆಇಎಂ ಆಸ್ಪತ್ರೆಯ ಎಂಡೋಕ್ರಿನಾಲಜಿ ವಿಭಾಗ ಇವೆ. ಬೆಳಗಿನ ಸಾಲು ಉದ್ದ, ಫೈಲು ಅಚ್ಚುಕಟ್ಟಾಗಿದ್ದರೆ ಅರ್ಧ ಕೆಲಸ ಆದಂತೆ. ಫೈಲಿನಲ್ಲಿ ಇರಬೇಕಾದದ್ದು: ಹುಟ್ಟಿದಾಗಿನ ತೂಕ ಮತ್ತು ಎಷ್ಟನೇ ವಾರದಲ್ಲಿ ಹೆರಿಗೆ, ಲಸಿಕೆ ಪುಸ್ತಕದಲ್ಲಿರುವ ಹಳೆಯ ಅಳತೆಗಳೆಲ್ಲ, ಅಪ್ಪ ಅಮ್ಮನ ಅಳೆದ ಎತ್ತರ, ಅಮ್ಮನಿಗೆ ಮುಟ್ಟಾದ ವಯಸ್ಸು, ಅಪ್ಪ ಯಾವಾಗ ಎತ್ತರವಾದದ್ದು, ಎಕ್ಸ್‌ರೇ ಫಿಲ್ಮು. ಹುಟ್ಟಿದ ದಿನಗಳಲ್ಲಿ ಸಕ್ಕರೆ ಇಳಿದಿತ್ತೇ, ಕಾಮಾಲೆ ತುಂಬಾ ದಿನ ಇತ್ತೇ ಎಂದೂ ಬರೆದಿಡಿ. ಪಿಟ್ಯುಟರಿ ಹುಟ್ಟಿನಿಂದಲೇ ದುರ್ಬಲವಾಗಿದ್ದರೆ ಮೊದಲ ಸುಳಿವು ಅಲ್ಲಿ ಸಿಗುತ್ತದೆ. ಕಡಿಮೆ ತೂಕದಲ್ಲಿ ಹುಟ್ಟಿದ ಮಕ್ಕಳಲ್ಲಿ ಬಹುಪಾಲು ಎರಡು ವರ್ಷದೊಳಗೆ ಸಮಕ್ಕೆ ಬರುತ್ತಾರೆ, ನಾಲ್ಕಾದರೂ ಬಾರದವರಿಗೆ ಚಿಕಿತ್ಸೆ ಇದೆ. ಕ್ಯಾನ್ಸರಿಗೆಂದು ತಲೆಗೆ ರೇಡಿಯೇಷನ್ ಪಡೆದ ಮಗುವನ್ನು ಎತ್ತರ ನಿಂತ ಮೇಲಲ್ಲ, ಮೊದಲಿನಿಂದಲೇ ಆರಾರು ತಿಂಗಳಿಗೆ ಅಳೆಯಬೇಕು.

ಅಪಾಯಿಂಟ್‌ಮೆಂಟಿಗೆ ಕಾಯದೆ ಓಡಬೇಕಾದ ಸಂದರ್ಭಗಳೂ ಇವೆ. ಎತ್ತರ ನಿಂತ ಮಗುವಿಗೆ ಬೆಳಗಿನ ತಲೆನೋವು, ವಾಂತಿ, ಪಕ್ಕದ ನೋಟ ಕಾಣದೆ ಬಾಗಿಲ ಚೌಕಟ್ಟಿಗೆ ಡಿಕ್ಕಿ, ರಾತ್ರಿ ಎದ್ದೆದ್ದು ನೀರು ಕುಡಿದು ಉಚ್ಚೆ ಹೊಯ್ಯುವುದು ಇದ್ದರೆ ಪಿಟ್ಯುಟರಿಯ ಹತ್ತಿರ ಗಡ್ಡೆ ಇರಬಹುದು, ಅದೇ ವಾರ ಎಂಆರ್‌ಐ ಆಗಬೇಕು. ಎರಡು-ಮೂರು ವಾರದ ಕೂಸು ವಾಂತಿ ಮಾಡುತ್ತಾ ತೂಕ ಇಳಿದು ಸುಸ್ತಾಗಿದ್ದು, ಜನನಾಂಗ ನೋಡಲು ಸಹಜವಲ್ಲ ಅನ್ನಿಸಿದರೆ ಅದು ಉಪ್ಪು ಕಳೆದುಕೊಳ್ಳುವ ಅಡ್ರಿನಲ್ ಕಾಯಿಲೆ ಇರಬಹುದು. ಗಂಡು ಕೂಸಿನಲ್ಲಿ ಜನನಾಂಗ ಸಹಜವಾಗಿಯೇ ಕಾಣುವುದರಿಂದ ವಾಂತಿ ಮತ್ತು ಇಳಿಯುವ ತೂಕವೇ ಸುಳಿವು. ಅದಕ್ಕೆ ಕ್ಲಿನಿಕ್ ಅಲ್ಲ, ಎಮರ್ಜೆನ್ಸಿ ವಾರ್ಡು. ಮೊದಲು ನೋಡಬೇಕಾದ ರಿಪೋರ್ಟು ಸೋಡಿಯಂ, ಪೊಟ್ಯಾಸಿಯಂ ಮತ್ತು ಸಕ್ಕರೆ.